ಪಕ್ಕದಲ್ಲಿ ಕುಳಿತವರಿಗಷ್ಟೇ ತಿಳಿಯುವ ಪರಿಮಳ: ಆಯ್ಕೆಯಿಂದ ಹಚ್ಚುವವರೆಗೆ ಸಮಗ್ರ ಮಾರ್ಗದರ್ಶಿ

‘ಅತ್ತರು ಹಚ್ಚಿದ ಅರ್ಧ ಗಂಟೆಗೆ ವಾಸನೆಯೇ ಇರುವುದಿಲ್ಲ.’ ‘ಮೆಲುವಾದದ್ದೆಂದು ಕೊಂಡೆ, ಕಚೇರಿಯಲ್ಲಿ ಎಲ್ಲರೂ ತಿರುಗಿ ನೋಡಿದರು.’ ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ದೂರುಗಳು ಈ ಎರಡೇ. ಒಂದಕ್ಕೊಂದು ವಿರುದ್ಧವೆಂದು ಕಂಡರೂ ಎರಡರ ಮೂಲವೂ ಒಂದೇ. ದೂರಕ್ಕೆ ಹರಡಲೆಂದು ಮಾಡಿದ ಸೆಂಟನ್ನು ಹೇಗೆ ಬಳಸುತ್ತೇವೆಯೋ ಹಾಗೆಯೇ ಮೈಗೆ ಅಂಟಿ ನಿಲ್ಲುವ ಪರಿಮಳವನ್ನೂ ಬಳಸುತ್ತಿದ್ದೇವೆ. ಕ್ರಮ ತಪ್ಪಿದರೆ ಎಷ್ಟು ದುಬಾರಿಯ ಬಾಟಲಿ ತಂದರೂ ಫಲವಿಲ್ಲ.

ಇಂಥ ಪರಿಮಳವನ್ನು ಜನ ಏಕೆ ಬಯಸುತ್ತಾರೆ ಎನ್ನುವುದು ಸ್ಪಷ್ಟವಾಗಿದ್ದರೆ ಮುಂದಿನ ಹಂತಗಳೆಲ್ಲ ಸಲೀಸು. ಇದು ಸಲ್ಲುವುದು ಹತ್ತಿರ ಬಂದವರಿಗೆ ಮಾತ್ರ: ಹೆಗಲ ಮೇಲೆ ನಿದ್ದೆಹೋದ ಮಗುವಿಗೆ, ಕಿವಿಯಲ್ಲಿ ಏನೋ ಹೇಳಲು ಬಾಗಿದ ಗೆಳತಿಗೆ, ಒಂದೇ ಕಂಬಳಿಯಡಿ ಕುಳಿತ ಸಂಗಾತಿಗೆ. ಅದಕ್ಕೂ ಮೊದಲು ಸ್ವತಃ ನಿಮಗೆ. ಚಳಿಗೆ ಹೊದ್ದ ಶಾಲನ್ನು ಸರಿಸುವಾಗ ಒಂದು ಎಳೆ ಮೂಗಿಗೆ ಬಂದು ಹೋದರೆ ಅಷ್ಟೇ ಸಾಕು. ಕೋಣೆಯಲ್ಲಿರುವವರಿಗೆಲ್ಲ ತಿಳಿಯಬೇಕು ಎಂಬ ಆಸೆಯಿದ್ದರೆ ಈ ಲೇಖನ ನಿಮಗೆ ಹೊಂದುವುದಿಲ್ಲ.

ಬೇಕಾಗುವ ಸಾಮಗ್ರಿ

ವಾಸನೆಯಿಲ್ಲದ ಅಥವಾ ಅತಿ ಕಡಿಮೆ ವಾಸನೆಯ ಸಾಬೂನು, ವಾಸನೆಯಿಲ್ಲದ ಮಾಯಿಶ್ಚರೈಸರ್, ಪುಟ್ಟ ಡಬ್ಬಿ ಪೆಟ್ರೋಲಿಯಂ ಜೆಲ್ಲಿ, ಪರೀಕ್ಷೆಗೆ ದಪ್ಪ ಬಿಳಿ ಕಾಗದದ ಪಟ್ಟಿಗಳು, ಬರೆದುಕೊಳ್ಳಲು ಪೆನ್ನು, ಮತ್ತು ನೇರವಾಗಿ ಹೇಳಬಲ್ಲ ಒಬ್ಬ ಮನುಷ್ಯ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಮನೆಯಲ್ಲೇ ಮಿಶ್ರಣ ಮಾಡುವವರಿಗೆ ಬೇಕಾದ ಹೆಚ್ಚಿನ ಸಾಮಗ್ರಿಯನ್ನು 8ನೇ ಹಂತದಲ್ಲಿ ಕೊಟ್ಟಿದೆ.

ಹಂತ 1: ಮೊದಲು ದೂರವನ್ನು ಗೊತ್ತುಮಾಡಿಕೊಳ್ಳಿ

‘ಮೆಲು’ ಎಂದರೆ ಎಷ್ಟು ಮೆಲು? ಇದನ್ನು ತೀರ್ಮಾನಿಸದೆ ಅಂಗಡಿಗೆ ಹೋಗುವುದೇ ಮೊದಲ ಎಡವಟ್ಟು. ಹೂವಾಡಗಿತ್ತಿಯ ಅಳತೆಗಳೇ ಇಲ್ಲಿ ನೆರವಿಗೆ ಬರುತ್ತವೆ. ಹಚ್ಚಿದ ಜಾಗದಿಂದ ಒಂದು ಗೇಣು ದೂರದಲ್ಲಿ ಪರಿಮಳ ಖಚಿತವಾಗಿ ತಿಳಿಯಬೇಕು. ಒಂದು ಮೊಳ ದೂರದಲ್ಲಿ ‘ಏನೋ ಇದೆ’ ಎಂಬ ಅನುಮಾನ ಬರಬೇಕು. ಒಂದು ಮಾರು ದೂರದಲ್ಲಿ ಏನೂ ತಿಳಿಯಬಾರದು.

ಈ ಪರೀಕ್ಷೆಯನ್ನು ನಿಮ್ಮ ಮೂಗಿನಿಂದ ಮಾಡಲಾಗದು. ಇನ್ನೊಬ್ಬರನ್ನು ಮಾರು ದೂರದಲ್ಲಿ ನಿಲ್ಲಿಸಿ, ನಿಧಾನವಾಗಿ ಹತ್ತಿರ ಬರಲು ಹೇಳಿ, ಎಲ್ಲಿ ತಿಳಿಯಿತು ಎಂದು ಕೇಳಿ. ಹಚ್ಚಿ 20 ನಿಮಿಷವಾದ ಬಳಿಕ ಒಮ್ಮೆ, 3 ಗಂಟೆಯ ನಂತರ ಇನ್ನೊಮ್ಮೆ ಮಾಡಿ.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಎಷ್ಟು ದೂರ ಹರಡುತ್ತದೆ ಎನ್ನುವುದು ಬೇರೆ, ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದು ಬೇರೆ. ನಿಂಬೆ, ಕಿತ್ತಳೆಯಂಥ ಹಗುರ ವಾಸನೆಗಳು ಜೋರಾಗಿ ಹರಡಿ ಬೇಗ ಆರಿಹೋಗುತ್ತವೆ. ಶ್ರೀಗಂಧ, ಲಾವಂಚ, ಕಸ್ತೂರಿ ಬಗೆಯ ಭಾರದ ವಾಸನೆಗಳು ಗಾಳಿಗೆ ಏಳುವುದೇ ನಿಧಾನ. ಆದ್ದರಿಂದಲೇ ಅವು ಚರ್ಮದ ಬಳಿ ಗಂಟೆಗಟ್ಟಲೆ ಉಳಿಯುತ್ತವೆ. ನಮಗೆ ಬೇಕಾದದ್ದು ಕಡಿಮೆ ಹರಡಿ ಹೆಚ್ಚು ಉಳಿಯುವ ಎರಡನೆಯ ಬಗೆ.

ಹಂತ 2: ಎದುರಾಳಿ ವಾಸನೆಗಳನ್ನು ಹೊರಹಾಕಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ‘ಪರಿಮಳ ಉಳಿಯುವುದಿಲ್ಲ’ ಎನ್ನುವವರ ಮೈ ಮೇಲೆ ಹಲವು ಸಲ ಪರಿಮಳ ಇದ್ದೇ ಇರುತ್ತದೆ. ಅದರ ಮೇಲೆ ಬಟ್ಟೆ ಸಾಬೂನು, ತಲೆಗೆ ಹಚ್ಚಿದ ಎಣ್ಣೆ, ಪೌಡರ್, ಡಿಯೋಡರೆಂಟ್ ಸವಾರಿ ಮಾಡುತ್ತಿರುತ್ತವೆ. ಸ್ನಾನದ ಸಾಬೂನಿನಿಂದ ತೊಡಗಿ ಕೊರಳ ಬಳಿ ಬರುವ ಎಲ್ಲವನ್ನೂ ಒಂದೊಂದಾಗಿ ಮೂಸಿ ನೋಡಿ. ಬಟ್ಟೆ ಮೆದುವಾಗಲೆಂದು ತೊಳೆಯುವ ಯಂತ್ರಕ್ಕೆ ಹಾಕುವ ದ್ರವವೇ ಇವುಗಳಲ್ಲಿ ಕೆಟ್ಟದ್ದು, ಏಕೆಂದರೆ ಅದರ ಕೃತಕ ಹೂವಿನ ವಾಸನೆ ವಾರವಾದರೂ ನೂಲನ್ನು ಬಿಡುವುದಿಲ್ಲ.

ಶ್ರೀಗಂಧದ ಪರಿಮಳ ಹಚ್ಚುವವರು ಮೈಸೂರ್ ಸ್ಯಾಂಡಲ್ ಸಾಬೂನು ಬಳಸಿದರೆ ತೊಂದರೆಯಿಲ್ಲ, ಎರಡೂ ಒಂದಕ್ಕೊಂದು ಒದಗುತ್ತವೆ. ಗುಲಾಬಿ ಅಥವಾ ಕಸ್ತೂರಿ ಬಗೆಯದನ್ನು ಹಚ್ಚುವವರು ಮಾತ್ರ ವಾಸನೆಯಿಲ್ಲದ ಸಾಬೂನಿಗೆ ಬದಲಾಗಬೇಕು.

ಮಲೆನಾಡಿನವರಿಗೆ ಇನ್ನೂ ಒಂದು ಕಷ್ಟವಿದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಜೂನ್ ಕಳೆದರೆ ಬಟ್ಟೆ ಒಣಗುವುದೇ ಇಲ್ಲ. ಒಲೆಯ ಮೇಲಿನ ಗಳುವಿಗೆ ಹಾಕಿದ ಅಂಗಿಗೆ ಹೊಗೆಯ ವಾಸನೆ, ಬೀರುವಿನಲ್ಲಿಟ್ಟ ಸೀರೆಗೆ ಮುಗ್ಗಲು ವಾಸನೆ, ಅದರ ಮೇಲೆ ನುಸಿಗುಳಿಗೆಯ ಘಾಟು. ಇವುಗಳ ಜೊತೆ ಎಷ್ಟೇ ಒಳ್ಳೆಯ ಪರಿಮಳ ಬೆರೆತರೂ ಫಲಿತಾಂಶ ಕೆಟ್ಟದ್ದೇ. ಮುಗ್ಗಲಿನ ಮೇಲೆ ಸಿಹಿ ಕಸ್ತೂರಿ ಬಿದ್ದರೆ ಹುಳಿಯಾದ ಹಿಟ್ಟಿನಂಥ ವಾಸನೆ ಹುಟ್ಟುತ್ತದೆ. ನುಸಿಗುಳಿಗೆಯನ್ನು ತೆಗೆದು, ಚೆನ್ನಾಗಿ ಒಣಗಿದ ಲಾವಂಚದ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಮಳೆಗಾಲದಲ್ಲಿ ತೊಡುವ ಮುನ್ನ ಬಟ್ಟೆಯನ್ನು ಇಸ್ತ್ರಿ ಮಾಡಿ, ಒಳಗಿನ ತೇವ ಹೋದ ಮೇಲೆ ಮೂಸಿ ನೋಡಿ. ಆಗಲೂ ಮುಗ್ಗಲು ಉಳಿದಿದ್ದರೆ ಆ ದಿನ ಪರಿಮಳ ಬೇಡ.

ಹಂತ 3: ಆಯ್ಕೆ ಮಾಡಿ

ಮದ್ಯಸಾರದ ಸ್ಪ್ರೇ, ಎಣ್ಣೆಯ ಅತ್ತರು, ಮೇಣದ ಗಟ್ಟಿ ಪರಿಮಳ ಎಂದು ಮೂರು ಬಗೆಗಳಿವೆ. ಮದ್ಯಸಾರ ಚರ್ಮದಿಂದ ಬೇಗ ಹಾರುವಾಗ ಪರಿಮಳವನ್ನೂ ಜೊತೆಗೇ ಮೇಲಕ್ಕೆ ಎತ್ತುತ್ತದೆ, ಆದ್ದರಿಂದ ಮೊದಲ ಹತ್ತು ನಿಮಿಷ ಜೋರು. ಎಣ್ಣೆಯಲ್ಲಿ ಆ ಎತ್ತುವಿಕೆ ಇಲ್ಲ. ಮೇಣ ಇನ್ನೂ ನಿಧಾನ. ಹೊಸಬರು ಎಣ್ಣೆ ಅಥವಾ ಮೇಣದಿಂದ ಆರಂಭಿಸಲಿ ಎನ್ನುವುದು ನನ್ನ ಖಚಿತ ಸಲಹೆ.

ಸ್ಪ್ರೇಯೇ ಬೇಕೆನ್ನುವವರು ಬಾಟಲಿಯ ಮೇಲಿನ ಹೆಸರಿಗೆ ಮರುಳಾಗಬಾರದು. ಓ ದ ಕಲೋನ್‌ನಲ್ಲಿ ಸುಗಂಧದ ಅಂಶ ಸಾಮಾನ್ಯವಾಗಿ ಶೇ. 2ರಿಂದ 4, ಓ ದ ಟ್ವಾಲೆತ್‌ನಲ್ಲಿ 5ರಿಂದ 15, ಓ ದ ಪರ್ಫಮ್‌ನಲ್ಲಿ 15ರಿಂದ 20, ಅದಕ್ಕೂ ಮೇಲಿನದು ಎಕ್ಸ್‌ಟ್ರೇ. ಶೇಕಡಾವಾರು ಹೆಚ್ಚಿದ್ದರೆ ಜೋರು ಎಂದು ಹಲವರು ತಿಳಿದಿದ್ದಾರೆ. ಜೋರನ್ನು ತೀರ್ಮಾನಿಸುವುದು ಒಳಗೆ ಯಾವ ಸುಗಂಧವಿದೆ ಎನ್ನುವುದು. ಶೇ. 4ರ ನಿಂಬೆ ಕಲೋನ್ ಮೊದಲ ಹತ್ತು ನಿಮಿಷ ಇಡೀ ಕೋಣೆಗೆ ತಿಳಿಯಬಹುದು, ಶೇ. 20ರ ಶ್ರೀಗಂಧ ಗೇಣು ದಾಟದೆ ಉಳಿಯಬಹುದು.

ಯಾವ ಪರಿಮಳ ಮೈ ಬಿಟ್ಟು ಹೋಗುವುದಿಲ್ಲ?

ಶ್ರೀಗಂಧ ಮೊದಲ ಸಾಲಿನದು. ನಿಜವಾದ ಶ್ರೀಗಂಧದೆಣ್ಣೆ ಹಚ್ಚಿದ ಕ್ಷಣಕ್ಕೆ ಹೆಚ್ಚೇನೂ ಹೇಳುವುದಿಲ್ಲ. ತುಸು ಹಸಿ ಕಟ್ಟಿಗೆಯಂತೆ ಇರುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಚರ್ಮದ ಕಾವು ತಾಗಿ ಹಾಲಿನಂಥ ನುಣುಪು ಬರುತ್ತದೆ. ಎರಡು ಗಂಟೆಯ ಹೊತ್ತಿಗೆ ಮೊಣಕೈಯ ಒಳಮಡಿಕೆಗೆ ಮೂಗು ತಾಗಿಸಿದರೆ ಎಣ್ಣೆ ಎಲ್ಲಿ ಮುಗಿಯಿತು, ನಿಮ್ಮ ಮೈವಾಸನೆ ಎಲ್ಲಿ ಶುರುವಾಯಿತು ಎಂದು ಬಿಡಿಸಿ ಹೇಳಲಾಗದು. ಈ ಮಾರ್ಗದರ್ಶಿಯಲ್ಲಿ ಹೇಳುವುದೆಲ್ಲ ಆ ಸ್ಥಿತಿಯನ್ನು ತಲುಪುವುದಕ್ಕಾಗಿಯೇ. ಹಚ್ಚಿದ ಕೂಡಲೇ ‘ಘಮ್ಮೆಂದು’ ಏಳುವ ಶ್ರೀಗಂಧವನ್ನು ಅನುಮಾನದಿಂದ ನೋಡಿ. ಕೆಲವು ನೂರು ರೂಪಾಯಿಗೆ 10 ಮಿಲಿಲೀಟರ್ ಶುದ್ಧ ಶ್ರೀಗಂಧದೆಣ್ಣೆ ಸಿಗುವುದಿಲ್ಲ. ಅದು ತೆಳುಗೊಳಿಸಿದ್ದು ಅಥವಾ ಕೃತಕವಾದದ್ದು. ಕೃತಕವೆಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಶುದ್ಧವೆಂದು ಹೇಳಿ ಮಾರುವವರ ಮಿಕ್ಕ ಮಾತನ್ನೂ ನಂಬುವುದು ಕಷ್ಟ.

ಲಾವಂಚ ಮಣ್ಣಿನ, ಬೇರಿನ, ತಂಪಿನ ವಾಸನೆ. ಗಂಡಸರಿಗೆ ಎಂದು ಮಾರುತ್ತಾರೆ, ಯಾರ ಮೈಗೂ ಒಪ್ಪುತ್ತದೆ. ಪ್ರಮಾಣ ಮಾತ್ರ ಕೈಮೀರಬಾರದು.

ಕಸ್ತೂರಿಯ ವಿಷಯದಲ್ಲಿ ಎಚ್ಚರ ಬೇಕು. ಕಸ್ತೂರಿ ಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ‘ಅಸಲಿ ಕಸ್ತೂರಿ’ ಎಂದು ಗುಟ್ಟಾಗಿ ಮಾರಲು ಬಂದವರಿಂದ ದೂರವಿರಿ. ಅದು ನಕಲಿಯಾದರೆ ಹಣ ಹೋಗುತ್ತದೆ, ಅಸಲಿಯಾದರೆ ಅಪರಾಧವಾಗುತ್ತದೆ. ಅಂಗಡಿಯಲ್ಲಿ ‘ವೈಟ್ ಮಸ್ಕ್’ ಎಂದು ಸಿಗುವುದು ಪ್ರಯೋಗಾಲಯದಲ್ಲಿ ತಯಾರಾದ ಕಸ್ತೂರಿ, ಕಾನೂನಿನ ತೊಡಕಿಲ್ಲದ್ದು. ಒಗೆದು ಬಿಸಿಲಿಗೆ ಹಾಕಿದ ಹತ್ತಿಬಟ್ಟೆಯ ವಾಸನೆ ಅದರಲ್ಲಿರುತ್ತದೆ. ಸಸ್ಯಮೂಲದ್ದೇ ಬೇಕೆಂದರೆ ಕಸ್ತೂರಿ ಬೆಂಡೆಯ ಬೀಜದ ಎಣ್ಣೆ ಇದೆ. ಅಂಚಿನಲ್ಲಿ ಪಿಯರ್ ಹಣ್ಣಿನ ನೆನಪು ತರುವ ಬೆಚ್ಚನೆಯ ವಾಸನೆ ಅದು, ನನಗೆ ಅಚ್ಚುಮೆಚ್ಚು.

ಸ್ಪ್ರೇ ಕೊಳ್ಳುವವರು ವಿವರದಲ್ಲಿ ಆಂಬ್ರಾಕ್ಸಾನ್, ಐಸೋ ಇ ಸೂಪರ್, ಕ್ಯಾಶ್ಮರಾನ್ ಎಂಬ ಕೃತಕ ಸುಗಂಧಗಳ ಹೆಸರುಗಳಿವೆಯೇ ನೋಡಬಹುದು. ಮೈಗಂಧದ ಬಗೆಯ ಆಧುನಿಕ ಪರಿಮಳಗಳು ಬಹಳಷ್ಟು ನಿಂತಿರುವುದು ಇವುಗಳ ಮೇಲೆ. ಆದರೆ ಆಂಬ್ರಾಕ್ಸಾನ್ ಅತಿಯಾದರೆ ಜೋರಾಗಿ ಹರಡುತ್ತದೆ, ಆದ್ದರಿಂದ ಹೆಸರು ಓದಿ ಕೊಳ್ಳದೆ ಹಚ್ಚಿ ನೋಡಿ ಕೊಳ್ಳಿ.

ಮಲ್ಲಿಗೆ, ಸಂಪಿಗೆ, ಕೇದಿಗೆಯ ಅತ್ತರುಗಳು ಸುಂದರ. ಆದರೆ ಅವು ಒಂದು ಮಾರಿನಲ್ಲಿ ನಿಲ್ಲುವಂಥವಲ್ಲ. ಅವು ಬೇಕೆನಿಸಿದರೆ ಶ್ರೀಗಂಧದ ತಳಹದಿಯ ಮೇಲೆ ಒಂದೇ ಹನಿ.

ಹಂತ 4: ಅಂಗಡಿಯಲ್ಲಿ ತೀರ್ಮಾನ ಮಾಡಬೇಡಿ

ಒಂದು ಭೇಟಿಯಲ್ಲಿ ಮೂರಕ್ಕಿಂತ ಹೆಚ್ಚು ಮೂಸಬೇಡಿ. ಮೊದಲು ಕಾಗದದ ಪಟ್ಟಿ, ಅದರಲ್ಲಿ ಒಪ್ಪಿದ ಒಂದನ್ನು ಮಾತ್ರ ಚರ್ಮಕ್ಕೆ. ಬಳಿಕ ಅಂಗಡಿಯಿಂದ ಹೊರಗೆ ಬಂದುಬಿಡಿ. ಊಟ ಮಾಡಿ, ಬಸ್ ಹತ್ತಿ, ಮನೆ ಸೇರಿ. ಸಂಜೆ ಅದು ಹೇಗಿದೆ ಎನ್ನುವುದೇ ನಿಜವಾದ ವಾಸನೆ, ಏಕೆಂದರೆ ನೀವು ದಿನದ ಹೆಚ್ಚಿನ ಭಾಗವನ್ನು ಕಳೆಯುವುದು ಅದರ ಜೊತೆಗೆ. ಮೊದಲ ಐದು ನಿಮಿಷದ ಮೋಹಕ್ಕೆ ಹಣ ತೆತ್ತವರೇ ‘ಮೆಲುವಾದದ್ದೆಂದು ಕೊಂಡೆ’ ಎಂದು ದೂರುವವರು.

ಮೂಗು ದಣಿದರೆ ಕಾಫಿಬೀಜ ಮೂಸಿ ಎಂದು ಅಂಗಡಿಯವರು ಡಬ್ಬಿ ಮುಂದಿಡುತ್ತಾರೆ. ಕಾಫಿಯ ನಾಡಿನವರಾದ ನಮಗೆ ಹೆಮ್ಮೆಯೆನಿಸಬಹುದು, ಆದರೆ ಅದರಿಂದ ಪ್ರಯೋಜನವಿಲ್ಲ. ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಫಿಬೀಜ ಬರಿಯ ಗಾಳಿಗಿಂತ ಹೆಚ್ಚೇನೂ ನೆರವಾಗಲಿಲ್ಲ. ಬಾಗಿಲ ಹೊರಗೆ ಬಂದು ಉಸಿರಾಡಿ, ಅಥವಾ ನಿಮ್ಮ ಅಂಗಿಯ ತೋಳನ್ನೇ ಮೂಸಿ. ಹುರಿದ ಕಾಫಿಯ ವಾಸನೆ ಹಬ್ಬಿರುವ ಪೇಟೆಬೀದಿಯಲ್ಲಿ ನಿಂತು ಪರಿಮಳ ಪರೀಕ್ಷಿಸುವುದೂ ಬೇಡ. ತೋಟದ ಮನೆಯವರಾದರೆ ಕಾಫಿ ಹೂ ಬಿಟ್ಟ ದಿನಗಳನ್ನು ಬಿಟ್ಟುಬಿಡಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗಾದಾಗ ಮೂಗಿಗೆ ಬೇರೆ ಯಾವುದೂ ದಕ್ಕುವುದಿಲ್ಲ.

ಪರೀಕ್ಷೆಯಲ್ಲಿ ನಿಮಗೆ ಏನೂ ತಿಳಿಯದಿದ್ದರೆ ತಕ್ಷಣ ಬಾಟಲಿಯನ್ನು ದೂರಬೇಡಿ. ಕಸ್ತೂರಿ ಬಗೆಯ ಕೆಲವು ಅಣುಗಳು ಕೆಲವರ ಮೂಗಿಗೆ ಗೊತ್ತೇ ಆಗುವುದಿಲ್ಲ, ಅದು ಹುಟ್ಟಿನಿಂದಲೇ ಬಂದ ವ್ಯತ್ಯಾಸ. ಪಕ್ಕದವರಿಗೆ ಕೇಳಿ. ಅವರಿಗೆ ಸ್ಪಷ್ಟವಾಗಿದ್ದು ನಿಮಗೆ ಶೂನ್ಯವಾಗಿದ್ದರೆ ಆ ಪರಿಮಳವನ್ನು ಬಿಡಿ. ನಿಮಗೇ ತಿಳಿಯದ್ದನ್ನು ಹಿಡಿತದಲ್ಲಿಟ್ಟು ಹಚ್ಚಲಾಗದು.

ಒಗ್ಗುತ್ತದೆಯೇ ಎಂಬ ಪರೀಕ್ಷೆ ಪ್ರತ್ಯೇಕ. ಮೊಣಕೈಯ ಒಳಬದಿಗೆ ಒಂದು ಚುಕ್ಕೆ ಹಚ್ಚಿ 24ರಿಂದ 48 ಗಂಟೆ ಕಾಯಿರಿ. ಕೆಂಪು, ತುರಿಕೆ, ಗುಳ್ಳೆ ಕಂಡರೆ ತೊಳೆದು ಅಲ್ಲಿಗೇ ಕೈಬಿಡಿ.

ಹಂತ 5: ಚರ್ಮವನ್ನು ಹದಕ್ಕೆ ತನ್ನಿ

ಒಣ ಚರ್ಮದಲ್ಲಿ ಪರಿಮಳ ನಿಲ್ಲುವುದಿಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿ. ಸುಡುನೀರು ಚರ್ಮದ ಜಿಡ್ಡನ್ನು ತೆಗೆದುಬಿಡುತ್ತದೆ. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ. ಮೈಯಲ್ಲಿ ಇನ್ನೂ ತುಸು ತೇವವಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಡಿ. ಹಚ್ಚಬೇಕೆಂದಿರುವ ಜಾಗಕ್ಕೆ ಮಾತ್ರ ಸಾಸಿವೆ ಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿ. ಅತ್ತರು ಅದರ ಮೇಲೆ ಕುಳಿತರೆ ಹಾರುವುದು ಇನ್ನಷ್ಟು ನಿಧಾನವಾಗುತ್ತದೆ.

ಕೊಬ್ಬರಿ ಎಣ್ಣೆ ಸಾಲದೇ ಎಂದು ಕೇಳುತ್ತಾರೆ. ಗಾಣದ ಕೊಬ್ಬರಿ ಎಣ್ಣೆಗೆ ತನ್ನದೇ ವಾಸನೆಯಿದೆ, ಅದು ಕಸ್ತೂರಿಯನ್ನು ನುಂಗುತ್ತದೆ. ಶ್ರೀಗಂಧದ ಜೊತೆಗೆ ಪರವಾಗಿಲ್ಲ.

ಹಂತ 6: ಹಚ್ಚಿ, ಆದರೆ ಮಣಿಕಟ್ಟಿಗಲ್ಲ

ಎಲ್ಲರ ಕೈಯೂ ಮೊದಲು ಹೋಗುವುದು ಮಣಿಕಟ್ಟಿಗೆ. ದಿನಕ್ಕೆ ಹತ್ತಾರು ಬಾರಿ ಕೈ ತೊಳೆಯುವ, ಈರುಳ್ಳಿ ಹೆಚ್ಚುವ, ಗಡಿಯಾರದ ಪಟ್ಟಿ ಕಟ್ಟುವ ಜಾಗ ಅದು. ಅರ್ಧ ಗಂಟೆಗೆ ಮಾಯವಾಗುತ್ತದೆ ಎಂಬ ದೂರಿಗೆ ಇದೂ ಒಂದು ದೊಡ್ಡ ಕಾರಣ.

ಹಚ್ಚಬೇಕಾದ ಜಾಗಗಳು ಇವು: ಎದೆಯ ನಡು, ಬಟ್ಟೆಯ ಒಳಗೆ. ಮೊಣಕೈಯ ಒಳಮಡಿಕೆ. ಹಿಂಗತ್ತು. ಎದೆಗೆ ಹಚ್ಚಿದ್ದು ಮೈಕಾವಿಗೆ ನಿಧಾನವಾಗಿ ಮೇಲೆದ್ದು ಕೊರಳಪಟ್ಟಿಯಿಂದ ಹೊರಬರುತ್ತದೆ, ನೀವು ತಲೆ ಬಾಗಿಸಿದಾಗ ನಿಮಗೆ ಸಿಗುತ್ತದೆ. ಬಟ್ಟೆಯೇ ಅದನ್ನು ದೂರ ಹೋಗದಂತೆ ತಡೆಯುತ್ತದೆ. ಮೂರರಲ್ಲಿ ಒಂದೇ ಆರಿಸಬೇಕೆಂದರೆ ಇದನ್ನೇ ಆರಿಸಿ. ಹಾಲುಣಿಸುವ ತಾಯಂದಿರು ಮಾತ್ರ ಎದೆ, ಕೊರಳು ಎರಡನ್ನೂ ಬಿಟ್ಟು ಮೊಣಕಾಲಿನ ಹಿಂಬದಿಗೆ ಹಚ್ಚಲಿ. ಮಗುವಿನ ಬಾಯಿ, ಕೆನ್ನೆ ತಾಗುವಲ್ಲಿ ಯಾವ ಸುಗಂಧವೂ ಬೇಡ. ಮುಡಿಗೆ ಮಲ್ಲಿಗೆ ಮುಡಿದ ದಿನ ಹಿಂಗತ್ತನ್ನು ಬಿಡಿ, ಎರಡೂ ಜಗಳವಾಡುತ್ತವೆ.

ಪ್ರಮಾಣ ಹೀಗಿರಲಿ. ಅತ್ತರಾದರೆ ಗಾಜಿನ ಕಡ್ಡಿಯ ತುದಿಯಿಂದ ಒಂದು ಸವರು, ಎರಡು ಜಾಗಕ್ಕೆ ಸೇರಿ. ರೋಲ್ ಆನ್ ಆದರೆ ಒಂದು ಅಂಗುಲದ ಗೆರೆ. ಗಟ್ಟಿ ಪರಿಮಳವಾದರೆ ಬೆರಳ ತುದಿಯಿಂದ ಒಮ್ಮೆ ಉಜ್ಜಿದಷ್ಟು. ಸ್ಪ್ರೇ ಆದರೆ ಒಂದೇ ಒಂದು ಒತ್ತು, ಬರಿ ಎದೆಗೆ, ಒಂದು ಗೇಣು ದೂರದಿಂದ, ಬಟ್ಟೆ ತೊಡುವ ಮೊದಲು.

ಹಚ್ಚಿದ ಮೇಲೆ ಉಜ್ಜಬೇಡಿ. ಉಜ್ಜಿದರೆ ಕಾವು ಹೆಚ್ಚಿ ಮೇಲಿನ ಹಗುರ ವಾಸನೆ ಬೇಗ ಹಾರುತ್ತದೆ, ಅರ್ಧ ಭಾಗ ಇನ್ನೊಂದು ಕೈಗೆ ಅಂಟಿಕೊಳ್ಳುತ್ತದೆ. ಬೆರಳಿನಿಂದ ಒತ್ತಿ ಬಿಡಿ, ಸಾಕು. ಐದರಿಂದ ಹತ್ತು ನಿಮಿಷ ಆರಿದ ಮೇಲೆ ಬಟ್ಟೆ ತೊಡಿ. ರೇಷ್ಮೆ ಸೀರೆಗೆ ಎಣ್ಣೆ ತಾಗಿದರೆ ಕಲೆ ಹೋಗುವುದಿಲ್ಲ, ಜರಿಯ ಮೇಲೆ ಸ್ಪ್ರೇ ಬಿದ್ದರೆ ಹೊಳಪು ಮಂಕಾಗುತ್ತದೆ. ಮುತ್ತಿನ ಸರವನ್ನು ಪರಿಮಳ ಪೂರ್ತಿ ಆರಿದ ಬಳಿಕವೇ ಧರಿಸಿ.

ಹಂತ 7: ಕಾಯಿರಿ, ಮತ್ತೆ ಹಚ್ಚಬೇಡಿ

ಕಾಫಿ ಹೂ ಬಿಟ್ಟ ತೋಟದೊಳಗೆ ಸ್ವಲ್ಪ ಹೊತ್ತು ನಿಂತವರಿಗೆ ಇದು ಗೊತ್ತು. ಹೊಕ್ಕ ಕೂಡಲೇ ಉಸಿರು ತುಂಬುವ ಮಲ್ಲಿಗೆಯಂಥ ಕಂಪು ಹತ್ತು ನಿಮಿಷಕ್ಕೆ ಇಲ್ಲವೇ ಇಲ್ಲ ಎನಿಸುತ್ತದೆ. ಹೂವು ಹಾಗೆಯೇ ಇರುತ್ತದೆ, ಮೂಗು ಒಗ್ಗಿಕೊಂಡಿರುತ್ತದೆ. ರಸ್ತೆಗೆ ಬಂದು ಮರಳಿ ಒಳಹೊಕ್ಕರೆ ಕಂಪು ಮೊದಲಿನಷ್ಟೇ ತಿಳಿಯುತ್ತದೆ. ನಿಮ್ಮ ಮೈಮೇಲಿನ ಪರಿಮಳಕ್ಕೂ ಹೀಗೆಯೇ ಆಗುತ್ತದೆ. ಹಚ್ಚಿದ ಅರ್ಧ ಗಂಟೆಗೆ ‘ಹೋಯಿತು’ ಎನಿಸಿ ಇನ್ನೊಂದು ಸುತ್ತು ಹಚ್ಚುವವರು, ಬಳಿಕ ಮತ್ತೊಂದು ಸುತ್ತು ಹಚ್ಚುವವರು, ಮಾರು ದಾಟಿ ಇಡೀ ಬಸ್ಸಿಗೆ ಹರಡುವುದು ಹೀಗೆ.

ನಿಯಮ ಸರಳ. ಕನಿಷ್ಠ ನಾಲ್ಕು ಗಂಟೆ ಮತ್ತೆ ಹಚ್ಚಬೇಡಿ. ಅನುಮಾನ ಬಂದರೆ ಹೊರಗಿನ ಗಾಳಿಯಲ್ಲಿ ಹತ್ತು ನಿಮಿಷ ಅಡ್ಡಾಡಿ ಬಂದು, ಮೊಣಕೈ ಮಡಿಕೆಯನ್ನು ಮೂಸಿ. ಆಗಲೂ ಇಲ್ಲವೆನಿಸಿದರೆ ಮನೆಯವರನ್ನು ಕೇಳಿ. ಅವರೂ ಇಲ್ಲವೆಂದರೆ ಮಾತ್ರ, ಮೊದಲ ಪ್ರಮಾಣದ ಅರ್ಧ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಡಿಸೆಂಬರ್ ಬೆಳಿಗ್ಗೆಯ ಚಳಿಗೆ ಪರಿಮಳ ಏಳುವುದೇ ಇಲ್ಲ, ಹನ್ನೊಂದರ ಬಿಸಿಲಿಗೆ ಎಚ್ಚರಗೊಳ್ಳುತ್ತದೆ. ಬೆಳಿಗ್ಗೆ ಸಾಲದೆಂದು ಎರಡರಷ್ಟು ಹಚ್ಚಿದರೆ ಮಧ್ಯಾಹ್ನ ನಿಮ್ಮ ಪಕ್ಕದವರಿಗೆ ತಲೆನೋವು. ಅರಸೀಕೆರೆ, ಕಡೂರಿನ ಒಣಗಾಳಿಯಲ್ಲಿ ಚರ್ಮ ಬೇಗ ಒಣಗುವುದರಿಂದ ಪರಿಮಳವನ್ನು ಹೆಚ್ಚಿಸುವ ಬದಲು 5ನೇ ಹಂತದ ಮಾಯಿಶ್ಚರೈಸರನ್ನು ಹೆಚ್ಚಿಸಿ. ಮಳೆಗಾಲದ ಮಲೆನಾಡಿನಲ್ಲಿ ತಂಪು, ತೇವ ಎರಡೂ ಇರುವುದರಿಂದ ಸ್ವಲ್ಪವೇ ಬಹಳ ಹೊತ್ತು ಬಾಳುತ್ತದೆ.

ಘಟ್ಟ ಇಳಿಯುವವರಿಗೆ ವಿಶೇಷ ಎಚ್ಚರಿಕೆ. ಸಕಲೇಶಪುರದಲ್ಲಿ ಇದೆಯೋ ಇಲ್ಲವೋ ಎನ್ನುವಂತಿದ್ದ ಪರಿಮಳ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯ ಸೆಕೆ ತಾಗಿದೊಡನೆ ಸೀಟಿನ ಸುತ್ತ ಹಬ್ಬುತ್ತದೆ. ತಿರುವುಗಳಲ್ಲಿ ಮೊದಲೇ ಹೊಟ್ಟೆ ತೊಳಸುತ್ತಿರುವ ಸಹಪ್ರಯಾಣಿಕರಿಗೆ ಅದು ಹಿಂಸೆ. ಚಾರ್ಮಾಡಿಯಲ್ಲೂ ಅಷ್ಟೇ. ಘಟ್ಟದ ಪ್ರಯಾಣದ ದಿನ ಹಚ್ಚದೆ ಹೊರಡಿ, ತಲುಪಿದ ಮೇಲೆ ಹಚ್ಚಿ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವಾಗಲೂ ಇದೇ ಸೌಜನ್ಯ ಇರಲಿ. ಮದುವೆ ಮಂಟಪಕ್ಕಂತೂ ಈ ಬಗೆಯ ಪರಿಮಳ ಹಚ್ಚಿ ಹೋಗಿ ಪ್ರಯೋಜನವಿಲ್ಲ. ಅಲ್ಲಿನ ಮಲ್ಲಿಗೆ, ಊದುಬತ್ತಿ, ಒಗ್ಗರಣೆಗಳ ನಡುವೆ ಅದು ಯಾರಿಗೂ ಸಿಗುವುದಿಲ್ಲ.

ಹಂತ 8: ಮನೆಯಲ್ಲೇ ಬೆರೆಸುವವರಿಗೆ

ಮೇಲಿನ ಏಳು ಹಂತ ಕೈಗೆ ಹತ್ತಿದ ಮೇಲೆ ಮಾತ್ರ ಇದಕ್ಕೆ ಬನ್ನಿ. 10 ಮಿಲಿಲೀಟರಿನ ಗಾಢಬಣ್ಣದ ಗಾಜಿನ ರೋಲ್ ಆನ್ ಬಾಟಲಿ, ತಳದ ಎಣ್ಣೆಯಾಗಿ ಜೊಜೊಬಾ ಬೀಜದ ಎಣ್ಣೆ, ಹನಿ ಹಾಕುವ ನಳಿಗೆ, ಸಾಧ್ಯವಾದರೆ 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ ಬೇಕು. ಹನಿ ಎಣಿಸುವುದು ಅಂದಾಜು ಲೆಕ್ಕ, ದಪ್ಪ ಎಣ್ಣೆಯ ಹನಿ ದೊಡ್ಡದು, ತೆಳು ಎಣ್ಣೆಯದು ಚಿಕ್ಕದು.

ಸಾಮಾನ್ಯ ಕೊಬ್ಬರಿ ಎಣ್ಣೆಯನ್ನು ಬಳಸಬೇಡಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಿಕ್ಕಮಗಳೂರಿನ ಚಳಿಗಾಲದಲ್ಲಿ ರೋಲ್ ಆನ್ ಗುಂಡು ಅಲ್ಲಾಡುವುದೇ ಇಲ್ಲ. ಜೊಜೊಬಾ ಹೆಪ್ಪುಗಟ್ಟಲು 10 ಡಿಗ್ರಿಯಷ್ಟು ಚಳಿ ಬೇಕು. ಹಾಗೆ ಮಬ್ಬಾದರೂ ಅಂಗೈಯಲ್ಲಿ ಹಿಡಿದರೆ ತಿಳಿಯಾಗುತ್ತದೆ.

ಮೊದಲ ಮಿಶ್ರಣಕ್ಕೆ ಶ್ರೀಗಂಧದೆಣ್ಣೆ 12 ಹನಿ, ಲಾವಂಚ 2 ಹನಿ, ದವನದೆಣ್ಣೆ 1 ಹನಿ. ಈ ಅನುಕ್ರಮದಲ್ಲೇ ಹಾಕಿ: ಭಾರದ್ದು ಮೊದಲು, ತೀಕ್ಷ್ಣವಾದದ್ದು ಕೊನೆಗೆ. ದವನ ಎರಡನೆಯ ಹನಿ ಬಿದ್ದರೆ ಮಿಕ್ಕ ಎರಡನ್ನೂ ಬದಿಗೊತ್ತಿ ಒಣಹಣ್ಣಿನ ಸಿಹಿಯನ್ನೇ ಮುಂದೆ ತರುತ್ತದೆ. ಬಾಟಲಿಯ ಕುತ್ತಿಗೆಯವರೆಗೆ ಜೊಜೊಬಾ ತುಂಬಿ, ಕುಲುಕದೆ ಅಂಗೈಗಳ ನಡುವೆ ಉರುಳಿಸಿ. ಎರಡು ವಾರ ಕತ್ತಲೆಯಲ್ಲಿಡಿ. ಬೆರೆಸಿದ ದಿನ ಮೂರು ವಾಸನೆಗಳು ಬೇರೆ ಬೇರೆಯಾಗಿ ಕೇಳುತ್ತವೆ, ಎರಡು ವಾರಕ್ಕೆ ಒಂದಾಗುತ್ತವೆ. ಮೊದಲ ದಿನವೇ ಮೂಸಿ ತಿದ್ದುಪಡಿ ಮಾಡಲು ಹೋಗುವುದೇ ಇಲ್ಲಿಯ ದೊಡ್ಡ ತಪ್ಪು.

ಗಟ್ಟಿ ಪರಿಮಳ ಬೇಕೆಂದರೆ ಶುದ್ಧ ಜೇನುಮೇಣ 3 ಗ್ರಾಂ, ಜೊಜೊಬಾ 9 ಗ್ರಾಂ, ಸುಗಂಧದೆಣ್ಣೆ 1 ಗ್ರಾಂ. ಮೇಣವನ್ನು ನೇರ ಬೆಂಕಿಗೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಿಟ್ಟು ಕರಗಿಸಿ, ಅದು ಕರಗುವುದು 62ರಿಂದ 65 ಡಿಗ್ರಿಯಲ್ಲಿ. ಒಲೆಯಿಂದ ಇಳಿಸಿ, ಅಂಚು ಮಸುಕಾಗಲು ತೊಡಗಿದಾಗ ಸುಗಂಧ ಸೇರಿಸಿ ಡಬ್ಬಿಗೆ ಸುರಿಯಿರಿ. ಕುದಿಯುವಾಗಲೇ ಸೇರಿಸಿದರೆ ಪರಿಮಳ ನಿಮ್ಮ ಅಡುಗೆಮನೆಗೆ ಹೋಗುತ್ತದೆ. ತೋಟದ ಜೇನುಮೇಣ ಸಿಕ್ಕಿದರೆ ಕರಗಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಅದರ ಜೇನುವಾಸನೆ ಶ್ರೀಗಂಧಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ದಾಲ್ಚಿನ್ನಿ, ಲವಂಗದ ಎಣ್ಣೆಗಳನ್ನು ಮೈಗೆ ಹಚ್ಚುವ ಮಿಶ್ರಣಕ್ಕೆ ಸೇರಿಸಬೇಡಿ, ಚರ್ಮ ಉರಿಯುತ್ತದೆ. ಬರ್ಗಮಾಟ್ ಮತ್ತು ನಿಂಬೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಕಲೆ ಬೀಳಬಹುದು.

ನಿಲ್ಲಿಸಬೇಕಾದ ಲಕ್ಷಣಗಳು

ಹಚ್ಚಿದ ಜಾಗ ಬಿಸಿಲಿಗೆ ಕಪ್ಪಾಗುತ್ತಿದ್ದರೆ, ತುರಿಸುತ್ತಿದ್ದರೆ, ಒರಟಾದರೆ ನಿಲ್ಲಿಸಿ. ತೊಂದರೆ ಮುಂದುವರಿದರೆ ಚರ್ಮವೈದ್ಯರಿಗೆ ತೋರಿಸಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಆಸ್ತಮಾ ಅಥವಾ ಅರೆತಲೆನೋವು ಇರುವವರಿದ್ದರೆ, ಅವರು ಸೀನಿದರೆ, ಕೆಮ್ಮಿದರೆ, ಕಿಟಕಿ ತೆರೆದರೆ ಬಾಯಿಬಿಟ್ಟು ಹೇಳುವವರೆಗೆ ಕಾಯಬೇಡಿ.

ಎದುರಿಗಿರುವವರು ಮಾತನಾಡುತ್ತ ಅರ್ಧ ಹೆಜ್ಜೆ ಹಿಂದೆ ಸರಿಯುವುದು, ಲಿಫ್ಟ್‌ನಲ್ಲಿ ಮುಖ ತಿರುಗಿಸುವುದು, ‘ಏನು ಸೆಂಟು ಹಾಕಿದ್ದೀರಿ’ ಎಂದು ಮಾರು ದೂರದಿಂದಲೇ ಕೇಳುವುದು, ಇವೆಲ್ಲ ಪ್ರಮಾಣ ಹೆಚ್ಚಾಗಿದೆ ಎಂಬುದರ ಸೂಚನೆ. ಕೊನೆಯದನ್ನು ಹೊಗಳಿಕೆಯೆಂದು ತಿಳಿದು ಅಷ್ಟೇ ಹಚ್ಚುತ್ತ ಹೋಗುವವರು ಬಹಳ. ಹೆಚ್ಚಾಗಿಬಿಟ್ಟರೆ ನೀರಿನಿಂದ ತೊಳೆದರೆ ಹೋಗದು. ವಾಸನೆಯಿಲ್ಲದ ಅಡುಗೆ ಎಣ್ಣೆಯನ್ನು ಹತ್ತಿಗೆ ತಾಗಿಸಿ ಒರೆಸಿ, ಆಮೇಲೆ ಸಾಬೂನು ಹಾಕಿ.

ಇಡುವ ಜಾಗ

ಬಚ್ಚಲುಮನೆಯ ಕಪಾಟು, ಕಿಟಕಿಯ ದಂಡೆ, ಕಾರಿನ ಡ್ಯಾಶ್‌ಬೋರ್ಡ್ ಮೂರೂ ಬೇಡ. ಬೆಳಕು, ಕಾವು, ಗಾಳಿ ಸೇರಿ ಪರಿಮಳವನ್ನು ಕೆಡಿಸುತ್ತವೆ. ಬೀರುವಿನ ಕೆಳಗಿನ ಅರೆಯಲ್ಲಿ, ಡಬ್ಬಿಯೊಳಗೆ, ನೆಟ್ಟಗೆ ನಿಲ್ಲಿಸಿಡಿ. ಬಾಟಲಿ ಅರ್ಧಕ್ಕಿಂತ ಕೆಳಗಿಳಿದರೆ ಉಳಿದದ್ದನ್ನು ಚಿಕ್ಕ ಬಾಟಲಿಗೆ ವರ್ಗಾಯಿಸಿ, ಒಳಗಿನ ಗಾಳಿ ಕಡಿಮೆಯಾಗುತ್ತದೆ. ಮನೆಯಲ್ಲಿ ಬೆರೆಸಿದ್ದಕ್ಕೆ ತಾರೀಖು ಮತ್ತು ಹನಿಗಳ ಲೆಕ್ಕ ಬರೆದ ಚೀಟಿ ಅಂಟಿಸಿ. ಹಳೆಯ ಕಡಲೆಕಾಯಿಯಂಥ ಕನರು ವಾಸನೆ ಬಂದರೆ ತಳದ ಎಣ್ಣೆ ಕೆಟ್ಟಿದೆ ಎಂದರ್ಥ, ಅದನ್ನು ಮೈಗೆ ಹಚ್ಚಬೇಡಿ. ಬಾಟಲಿಯನ್ನು ಬಿಸಿನೀರು, ಸಾಬೂನಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸ ಮಿಶ್ರಣಕ್ಕೆ ಬಳಸಬಹುದು. ರೋಲ್ ಆನ್ ಗುಂಡಿಗೆ ಮಾತ್ರ ಹಳೆಯ ವಾಸನೆ ಉಳಿಯುತ್ತದೆ, ಅದನ್ನು ಬದಲಿಸಿ.